ಕಟ್ಟೆ ಮಾತು: ರಾಕಿ ಭಾಯ್, ಆರ್ಚಿ ಮತ್ತು ನಮ್ಮ ನಾಲ್ಕು ಭಾಷೆ



ಈ ಸಲ ಪಾಠ, ಪರೀಕ್ಷೆ, ಖಿಚಡಿಯ ಲೆಕ್ಕ ಯಾವುದೂ ಬೇಡ. ಸಿನಿಮಾ ಮತ್ತು ರಾಜಕೀಯದ ಬಗ್ಗೆ ನನಗನ್ನಿಸಿದ ನಾಲ್ಕು ಮಾತು ಬರೀತೀನಿ. ನಾನೇನೂ ಸಿನಿಮಾ ಪಂಡಿತನಲ್ಲ. ರಾಜಕೀಯದ ಅನುಭವ ಅಂದ್ರೆ ಇಲೆಕ್ಷನ್ ಡ್ಯೂಟಿ ಮಾಡಿದ್ದು, ರಾತ್ರಿ ಮತಪೆಟ್ಟಿಗೆಯ ಪಕ್ಕ ಸೊಳ್ಳೆ ಹೊಡೆಯುತ್ತಾ ಕೂತಿದ್ದು, ಅಷ್ಟೇ. ಸರ್ಕಾರಿ ನೌಕರ ಪಕ್ಷದ ಮಾತು ಆಡುವ ಹಾಗಿಲ್ಲ, ಅದೂ ಗೊತ್ತು. ಆದರೆ ಭಾಷೆಯ ಮಾತು ಆಡಬಹುದಲ್ಲ? ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯಲ್ಲಿ ಕನ್ನಡ ಶಾಲೆಯ ಮಾಸ್ತರನಾಗಿ ಇಷ್ಟು ವರ್ಷ ಕಳೆದ ಮೇಲೆ, ನಮ್ಮ ಕಡೆ ಸಿನಿಮಾ, ರಾಜಕೀಯ, ಶಾಲೆ ಮೂರೂ ಕೊನೆಗೆ ಒಂದೇ ಕಟ್ಟೆಗೆ ಬಂದು ಕೂಡುತ್ತವೆ ಅನ್ನಿಸಿದೆ. ಯಾವ ಮಾತು ತೆಗೆದರೂ ಅದು ಭಾಷೆಯ ಹತ್ತಿರವೇ ಬರುತ್ತೆ.

ದೂರದ ಓದುಗರಿಗೆ ನಮ್ಮ ಪರಿಸ್ಥಿತಿ ಎರಡು ಸಾಲಿನಲ್ಲಿ ಹೇಳಿಬಿಡ್ತೀನಿ. 1956ರ ನವೆಂಬರ್ 1ಕ್ಕೆ ಮುಂಚೆ ಬೆಳಗಾವಿ, ಧಾರವಾಡ, ವಿಜಯಪುರ ಜಿಲ್ಲೆಗಳೂ ನಮ್ಮ ಸೊಲ್ಲಾಪುರವೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಆ ದಿನ ಅವರು ಮೈಸೂರು ರಾಜ್ಯಕ್ಕೆ ಹೋದರು, ನಾವು ಇಲ್ಲೇ ಉಳಿದೆವು. 1960ರ ಮೇ 1ಕ್ಕೆ ಮಹಾರಾಷ್ಟ್ರ ಆಯಿತು. ಮಹಾಜನ ಆಯೋಗ 1967ರಲ್ಲಿ ಕೊಟ್ಟ ವರದಿಯಲ್ಲಿ ಅಕ್ಕಲಕೋಟದ ಹೆಸರೂ, ಜತ್ತದ ಹೆಸರೂ ಕರ್ನಾಟಕಕ್ಕೆ ಸೇರಬೇಕಾದ ಪಟ್ಟಿಯಲ್ಲಿ ಇತ್ತು. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಈ ನಡುವೆ ನಮ್ಮಲ್ಲಿ ಎರಡು ತಲೆಮಾರು ಹುಟ್ಟಿ, ಸಾಲಿ ಕಲಿತು, ಮದುವೆಯಾಗಿ, ಮಕ್ಕಳನ್ನೂ ಸಾಲಿಗೆ ಕಳಿಸಿತು. ಮೇ 1ಕ್ಕೆ ನಮ್ಮ ಶಾಲೆಯಲ್ಲಿ ಮಹಾರಾಷ್ಟ್ರ ದಿನದ ಧ್ವಜ ಏರಿಸ್ತೀವಿ. ನವೆಂಬರ್ 1 ಬಹುತೇಕ ವರ್ಷ ದೀಪಾವಳಿ ಸೂಟಿಯಲ್ಲೇ ಬಂದು ಹೋಗುತ್ತೆ! ರಾಜ್ಯೋತ್ಸವ ಮಾಡಬೇಕೋ ಬೇಡವೋ ಅನ್ನುವ ಧರ್ಮಸಂಕಟವನ್ನು ಆ ಲಕ್ಷ್ಮೀದೇವಿಯೇ ಪಾರುಮಾಡಿಬಿಡ್ತಾಳೆ.

ಇರಲಿ, ಮೊದಲು ಸಿನಿಮಾ.

2022ರ ಬೇಸಿಗೆಯಲ್ಲಿ ಕೆಜಿಎಫ್ ಎರಡನೇ ಭಾಗ ಬಂದಾಗ ನಮ್ಮ ಏಳನೆಯ ಇಯತ್ತೆಯ ಹುಡುಗರ ತಲೆ ನೋಡಬೇಕಿತ್ತು. ಗಡ್ಡ ಬರದಿದ್ದರೂ ಗಡ್ಡ ಸವರೋ ಕೈ ಬಂದಿತ್ತು. ಮೊದಲ ಭಾಗವನ್ನು ಮೊಬೈಲಿನಲ್ಲಿ ನೋಡಿದ್ದರು, ಎರಡನೆಯದಕ್ಕೆ ಸೊಲ್ಲಾಪುರದ ಥಿಯೇಟರಿಗೆ ಅಣ್ಣಂದಿರ ಬೆನ್ನು ಹತ್ತಿ ಹೋಗಿದ್ದರು. ಎರಡನ್ನೂ ಹಿಂದಿಯಲ್ಲಿ. ಅವರಲ್ಲೊಬ್ಬ ನನ್ನನ್ನು ಕೇಳಿದ: "ಗುರುಜಿ, ರಾಕಿ ಭಾಯ್‌ಗೆ ಕನ್ನಡ ಬರ್ತದೇನ್ರಿ?"

"ಲೇ ತಮ್ಮಾ, ಅದು ಕನ್ನಡ ಸಿನಿಮಾನೇ. ಅಂವ ಹಾಸನ ಕಡೀಂವ, ಕಥಿ ನಡಿಯೋದು ಕೋಲಾರದಾಗ" ಅಂದೆ. ಹುಡುಗ ನಂಬಲಿಲ್ಲ. ನಾನು ಕನ್ನಡ ಮಾಸ್ತರ ಆದ್ದರಿಂದ ಒಳ್ಳೆಯದನ್ನೆಲ್ಲ ಕನ್ನಡದ್ದು ಅಂತ ಹೇಳ್ತೀನಿ ಅನ್ನೋ ಹಾಗೆ ನಕ್ಕ. ಕೊನೆಗೆ ಮೊಬೈಲಿನಲ್ಲಿ ಕನ್ನಡದ ಟ್ರೇಲರ್ ಹಚ್ಚಿ ತೋರಿಸಬೇಕಾಯಿತು. ನೋಡಿ ಅವನು ಹೇಳಿದ್ದು: "ಇವರ ಕನ್ನಡ ಬ್ಯಾರೆ ಅದ ಅಲ್ರಿ ಗುರುಜಿ."

ಈ ಎರಡನೇ ಮಾತೇ ನನಗೆ ಹೆಚ್ಚು ನಾಟಿದ್ದು. ಹುಡುಗ ಹೇಳಿದ್ದು ಖರೆ. ನಮ್ಮ ಮಕ್ಕಳು ಮನೆಯಲ್ಲಿ ಕೇಳುವ ಕನ್ನಡ ಬೇರೆ, ಪುಸ್ತಕದ ಕನ್ನಡ ಬೇರೆ, ಬೆಂಗಳೂರಿನ ಸಿನಿಮಾ ಕನ್ನಡ ಇನ್ನೂ ಬೇರೆ. ನನ್ನ ಚಿಕ್ಕಂದಿನಿಂದ ನೋಡ್ತಾ ಬಂದಿದ್ದೀನಿ, ನಮ್ಮ ಕಡೆಯ ಮಾತು ಆಡುವ ಪಾತ್ರ ಬಂತು ಅಂದ್ರೆ ಅದು ನಗಿಸೋದಕ್ಕೇ. ಒಂದೋ ಮನೆಗೆಲಸದವನು, ಇಲ್ಲವೇ ಟವೆಲ್ ಸುತ್ತಿದ ಗೌಡ. ನಾಯಕ ನಾಯಕಿ ಪ್ರೀತಿ ಮಾಡೋದು, ಅಳೋದು, ಸಾಯೋದು ಎಲ್ಲ ಅಲ್ಲಿಯ ಕನ್ನಡದಲ್ಲಿ. ನಮ್ಮ ಭಾಷೆಗೆ ಪ್ರೀತಿ ಮಾಡಲಿಕ್ಕೆ ಬರೋದಿಲ್ಲೇನು? ನಾನು ಹೀಗೆ ಕೇಳಿದರೆ ಕಟ್ಟೆಯ ಮೇಲೆ ಕೂತವರು ನಗ್ತಾರೆ. ಆದರೆ ನಾನು ತಮಾಷೆಗೆ ಕೇಳ್ತಿಲ್ಲ.

ಈ ಮಾತಿಗೆ ಉತ್ತರ ಕೊಟ್ಟಿದ್ದು ಕನ್ನಡ ಸಿನಿಮಾ ಅಲ್ಲ, ಮರಾಠಿ ಸಿನಿಮಾ. 2016ರ ಏಪ್ರಿಲ್ ಕೊನೆಗೆ 'ಸೈರಾಟ್' ಬಂತು. ನಿರ್ದೇಶಕ ನಾಗರಾಜ ಮಂಜುಳೆ ನಮ್ಮ ಸೊಲ್ಲಾಪುರ ಜಿಲ್ಲೆಯ ಕರಮಾಳಾ ತಾಲೂಕಿನವರು. ಆರ್ಚಿಯಾಗಿ ನಟಿಸಿದ ರಿಂಕು ರಾಜಗುರು ಇದೇ ಜಿಲ್ಲೆಯ ಅಕಲೂಜಿನ ಹುಡುಗಿ. ಆಗಿನ್ನೂ ಸಾಲಿ ಕಲಿಯುತ್ತಿದ್ದಳು. ಆ ಸಿನಿಮಾದಲ್ಲಿ ನಾಯಕಿ ಪುಣೆಯ ಮರಾಠಿ ಆಡೋದಿಲ್ಲ, ಕರಮಾಳಾ ಕಡೆಯ ಹೊಲದ ಬದುವಿನ ಮರಾಠಿ ಆಡ್ತಾಳೆ. ಬುಲೆಟ್ ಹೊಡೀತಾಳೆ, ಟ್ರ್ಯಾಕ್ಟರ್ ಹೊಡೀತಾಳೆ. ಪುಣೆ ಮುಂಬಯಿಯ ಮಂದಿ ಆ ಭಾಷೆಯನ್ನು ಕೇಳಿ ನಗಲಿಲ್ಲ, ಕಲಿತುಕೊಂಡರು. ಆ ಕಾಲಕ್ಕೆ ಮರಾಠಿಯಲ್ಲಿ ಎಲ್ಲಕ್ಕಿಂತ ಹೆಚ್ಚು ದುಡ್ಡು ಮಾಡಿದ ಸಿನಿಮಾ ಅದೇ ಆಯಿತು.

ನಮ್ಮ ಕನ್ನಡ ಹಳ್ಳಿಗಳ ಮದುವೆ ಮೆರವಣಿಗೆಗಳಲ್ಲಿ ಅದರ ಝಿಂಗಾಟ್ ಹಾಡು ಎಷ್ಟು ವರ್ಷ ಬಾರಿಸಿತು ಅಂದ್ರೆ, ಬೀಗರು ಇಂಡಿಯಿಂದ ಬರಲಿ, ಆಳಂದದಿಂದ ಬರಲಿ, ಆ ಹಾಡಿಗೆ ಕುಣಿಯದೇ ಅಕ್ಷತೆ ಬೀಳ್ತಿರಲಿಲ್ಲ. ಅಜಯ್-ಅತುಲರ ಸಂಗೀತಕ್ಕೆ ಗಡಿ ಗೊತ್ತಿಲ್ಲ. ಆದರೆ ನನಗೆ ನೆನಪಿರೋದು ಹಾಡಲ್ಲ, ಸಿನಿಮಾ ಮುಗಿದ ಮೇಲಿನ ಮೌನ. ಜಾತಿ ಬಿಟ್ಟು ಮದುವೆಯಾದ ಆ ಜೋಡಿಯನ್ನು ಕೊಂದ ಮೇಲೆ ಅವರ ಕೂಸು ನೆತ್ತರ ತುಳಿದು ಹೊರಗೆ ಬರುತ್ತಲ್ಲ, ಆಗ ಪರದೆಯ ಮೇಲೆ ಸದ್ದೇ ಇಲ್ಲ. ಎರಡೂವರೆ ತಾಸು ಶಿಳ್ಳೆ ಹೊಡೆದ ನಮ್ಮೂರ ಹುಡುಗರು ಎಸ್.ಟಿ.ಯಲ್ಲಿ ವಾಪಸ್ ಬರುವಾಗ ಒಬ್ಬರಿಗೊಬ್ಬರು ಮಾತಾಡಲಿಲ್ಲ. ನಮ್ಮೂರಲ್ಲೂ ಓಣಿ ಓಣಿಗೆ ಜಾತಿ ಇದೆ ಅಂತ ಅವರಿಗೆ ಗೊತ್ತು. ನಾನು ಪಾಠ ಪುಸ್ತಕದಿಂದ ಎಷ್ಟು ಸಲ ಸಮಾನತೆ ಹೇಳಿದ್ದೆನೋ, ಆ ಮೌನ ಒಂದೇ ಸಲಕ್ಕೆ ಹೇಳಿತು.

ಮರುವರ್ಷ, 2017ರಲ್ಲಿ, ಅದನ್ನೇ ಕನ್ನಡದಲ್ಲಿ 'ಮನಸು ಮಲ್ಲಿಗೆ' ಅಂತ ತೆಗೆದರು. ನಾಯಕಿ ಅದೇ ರಿಂಕು. ಎಸ್. ನಾರಾಯಣ್ ನಿರ್ದೇಶನ. ನಮ್ಮ ಮಂದಿಗೆ ಮಜಾ ಅನ್ನಿಸಿದ್ದು ಇಷ್ಟೇ: ನಮ್ಮ ಜಿಲ್ಲೆಯ ಮರಾಠಿ ಹುಡುಗಿ ಕನ್ನಡ ಸಿನಿಮಾದ ನಾಯಕಿ ಆದಳು, ನಮ್ಮ ಜಿಲ್ಲೆಯ ಕನ್ನಡ ಮಂದಿ ಮಾತ್ರ ಯಾವ ಸಿನಿಮಾದಲ್ಲೂ ಇಲ್ಲ! ಮೂಲ ನೋಡಿದವರಿಗೆ ರಿಮೇಕ್ ಬೇಕಾಗಲಿಲ್ಲ. ಮಣ್ಣು ಬದಲಾದರೆ ಬೆಳೆ ಬದಲಾಗುತ್ತೆ ಅಂತ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಂದೆ 2022ರಲ್ಲಿ 'ಕಾಂತಾರ' ಬಂದಾಗ ಕರಾವಳಿಯ ಕನ್ನಡ ಇಡೀ ದೇಶಕ್ಕೆ ಕೇಳಿಸಿತು. ಅದಕ್ಕೂ ಮುಂಚೆ 'ತಿಥಿ'ಯಲ್ಲಿ ಮಂಡ್ಯದ ಹಳ್ಳಿಯವರೇ ನಟಿಸಿದ್ದರು. ಒಂದು ದಿನ ನಮ್ಮ ಕಡೆಯ ಮಾತಲ್ಲೂ ಯಾರಾದರೂ ಅಳುವ, ಸಿಟ್ಟಾಗುವ, ಪ್ರೀತಿಸುವ ನಾಯಕಿಯನ್ನು ಮಾಡಿಯಾರು. ಜೋಳದ ಹೊಲ, ಭೀಮಾ ನದಿ, ಕಬ್ಬು ಕಡಿಯಲಿಕ್ಕೆ ಹೋಗುವ ಸಂಸಾರಗಳು.... ಕಥೆಗೇನು ಬರಗಾಲವೇ?

ಡಬ್ಬಿಂಗ್ ಬಗ್ಗೆಯೂ ಹೇಳಿಬಿಡ್ತೀನಿ, ಬೈಯಬೇಡಿ. ಬೇರೆ ಭಾಷೆಯ ಸಿನಿಮಾ ಕನ್ನಡಕ್ಕೆ ಡಬ್ ಆಗಬಾರದು ಅಂತ 1960ರ ದಶಕದಲ್ಲಿ ಹೋರಾಡಿದವರಿಗೆ ಅವರ ಕಾಲದ ಕಾರಣಗಳಿದ್ದವು. ಕನ್ನಡ ಚಿತ್ರರಂಗ ಆಗ ಎಳೆಯ ಗಿಡ. ಕಲಾವಿದರ ಅನ್ನದ ಪ್ರಶ್ನೆ ಇತ್ತು. ಅದನ್ನು ನಾನು ಸಣ್ಣದು ಅನ್ನೋದಿಲ್ಲ. ಆದರೆ ಗಡಿಯ ಆಚೆ ಕೂತ ನಮ್ಮ ಮಕ್ಕಳಿಗೆ ಏನಾಯಿತು? ಛೋಟಾ ಭೀಮ ಹಿಂದಿಯಲ್ಲಿ ಬಂದ, ಡೋರೆಮಾನ್ ಹಿಂದಿಯಲ್ಲಿ ಬಂತು. ನಮ್ಮ ಒಂದನೆಯ ಇಯತ್ತೆಯ ಮಕ್ಕಳು ಆಟದಲ್ಲಿ ಬಿದ್ದರೆ "ಅಯ್ಯೋ" ಅನ್ನೋದು ಬಿಟ್ಟು "ಬಚಾವ್" ಅನ್ನಲಿಕ್ಕೆ ಕಲಿತರು. 2009ರಲ್ಲಿ ಚಿಂಟು ಟಿ.ವಿ. ಶುರುವಾಗಿ ಕಾರ್ಟೂನು ಕನ್ನಡದಲ್ಲಿ ಮಾತಾಡಿದಾಗ ನಾನು ಮನೆಮನೆಗೆ ಹೋಗಿ ಅದನ್ನು ಹಚ್ಚಿಸಿಕೊಳ್ಳಿ ಅಂತ ಹೇಳಿದ್ದೆ. 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ದೊಡ್ಡ ಸಿನಿಮಾಗಳೂ ನಿಧಾನಕ್ಕೆ ಕನ್ನಡದಲ್ಲಿ ಮಾತಾಡಲು ಕಲಿತವು. ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ. 'ಪುಷ್ಪ' ನೋಡಿ: ಸಿನಿಮಾ ತೆಲುಗು, ನಾಯಕಿ ಕೊಡಗಿನವಳು, ನೋಡಿದವರು ಮಹಾರಾಷ್ಟ್ರದ ಕನ್ನಡ ಮಕ್ಕಳು, ಕೇಳಿದ್ದು ಹಿಂದಿ. ಕನ್ನಡದ ಆವೃತ್ತಿಯೂ ಇತ್ತು, ಆದರೆ ನಮ್ಮ ಕಡೆಯ ಥಿಯೇಟರಿಗೆ ಅದನ್ನು ತರುವವರು ಯಾರು? ಬಾಗಿಲು ತೆರೆದ ಮೇಲೂ ಒಳಗೆ ಬರುವವರಿಗೆ ದಾರಿ ಬೇಕಲ್ಲ.

ಇನ್ನು ರಾಜಕೀಯ.

ನಮ್ಮ ಕಡೆ ಇಲೆಕ್ಷನ್ ಬಂದರೆ ಕನ್ನಡಕ್ಕೆ ಸುಗ್ಗಿ. ಪಕ್ಷ ಯಾವುದೇ ಇರಲಿ, ಕರ್ನಾಟಕದ ನಾಯಕರನ್ನು ಕರೆಸಿ ಭಾಷಣ ಮಾಡಿಸ್ತಾರೆ. ಮರಾಠಿ ನಾಯಕರೂ ಮೈಕ್ ಹಿಡಿದು "ಹ್ಯಾಂಗಿದ್ದೀರಿ, ಊಟ ಆತೇನ್ರಿ" ಅಂತಾರೆ. ಸಭೆಯಲ್ಲಿ ಚಪ್ಪಾಳೆ. ಇಲೆಕ್ಷನ್ ಮುಗಿದ ಮೇಲೆ ನಮ್ಮ ರೈತ ಕಚೇರಿಗೆ ಹೋದರೆ ಸಾತ್-ಬಾರಾ ಉತಾರಾ ಮರಾಠಿಯಲ್ಲಿ, ಅರ್ಜಿ ಮರಾಠಿಯಲ್ಲಿ, ನೋಟೀಸು ಮರಾಠಿಯಲ್ಲಿ. ಹಳೆಯ ಮಂದಿ ಆ ಕಾಗದ ಹಿಡಿದುಕೊಂಡು ನನ್ನ ಹತ್ತಿರ ಬರ್ತಾರೆ. "ಗುರುಜಿ, ಇದರಾಗ ನನ್ನ ಹೆಸರು ಐತೇನು ನೋಡ್ರಿ" ಅಂತಾರೆ. ತನ್ನ ಹೊಲದ ಕಾಗದದಲ್ಲಿ ತನ್ನ ಹೆಸರು ಹುಡುಕಲಿಕ್ಕೆ ಇನ್ನೊಬ್ಬನ ಕಣ್ಣು ಬೇಕು. ಓಟು ಕೇಳುವಾಗ ಬರುವ ಕನ್ನಡ, ಉತಾರಾ ಕೊಡುವಾಗ ಯಾಕೆ ಬರೋದಿಲ್ಲ? ಇದು ನನ್ನ ಒಂದನೇ ಪ್ರಶ್ನೆ.

2022ರ ನವೆಂಬರ್ ನೆನಪಿದೆಯಾ? ಆಗ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿಯವರು ಜತ್ತ ತಾಲೂಕಿನ ಹಳ್ಳಿಗಳ ಮಾತು ತೆಗೆದರು. ಆಮೇಲೆ ಅಕ್ಕಲಕೋಟ, ಸೊಲ್ಲಾಪುರದ ಹೆಸರೂ ಬಂತು. ಜತ್ತದ ಸುಮಾರು 40 ಹಳ್ಳಿಗಳು ಕರ್ನಾಟಕಕ್ಕೆ ಸೇರ್ತೀವಿ ಅಂತ ಠರಾವು ಮಾಡಿದ್ದು 2012ರಲ್ಲಿ, ನೀರಿಲ್ಲದ ಸಂಕಟದಲ್ಲಿ. ಹತ್ತು ವರ್ಷ ಆ ಠರಾವಿನ ಮೇಲೆ ಧೂಳು ಕೂತಿತ್ತು. ಆಗ ನೋಡಿ, ಎರಡೂ ಕಡೆಯ ಟಿ.ವಿ.ಯವರು ಗಾಡಿ ತಗೊಂಡು ಬಂದರು. ನೀವು ಯಾವ ಕಡೆ, ನಿಮಗೆ ಯಾವ ರಾಜ್ಯ ಬೇಕು ಅಂತ ಕೇಳಿದರು. ನಮ್ಮ ಕಟ್ಟೆಯ ಮೇಲೆ ಕೂತ ಒಬ್ಬ ಅಜ್ಜ ಹೇಳಿದ್ದು ನನಗೆ ಬಹಳ ಸೇರಿತು: "ನೀರು ಯಾವ ಕಡಿಂದ ಬರ್ತದ ಹೇಳ್ರಿ, ಆ ಕಡಿ ಮಾರಿ ಮಾಡಿ ನಿಂದರತೀನಿ." ಅವನಿಗೆ ಕನ್ನಡದ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಅವನಿಗೆ ಕನ್ನಡ ಬಿಟ್ಟು ಬೇರೆ ಬರೋದೇ ಇಲ್ಲ. ಆದರೆ ಭಾಷೆ ಅವನಿಗೆ ಘೋಷಣೆ ಅಲ್ಲ, ಹೊಟ್ಟೆಯ ಹಸಿವು ಹೇಳಿಕೊಳ್ಳುವ ಸಾಧನ. ನಮ್ಮ ತಾಲೂಕಿನ ಕೆಲವು ಹಳ್ಳಿಗಳೂ ಆಗ ರಸ್ತೆ, ನೀರು ಇಲ್ಲ ಅಂತ ಠರಾವಿನ ಮಾತು ಆಡಿದವು. ಅದನ್ನು ಭಾಷೆಯ ಯುದ್ಧ ಅಂತ ತೋರಿಸಿದರು. ನನಗೆ ಕಂಡಿದ್ದು ಹ್ಯಾಂಡ್‌ಪಂಪಿನ ಮುಂದಿನ ಕೊಡಗಳ ಸಾಲು.

ಡಿಸೆಂಬರಿನಲ್ಲಿ ಅಲ್ಲಿ ಲಾರಿಗೆ ಕಲ್ಲು ಬಿತ್ತು, ಇಲ್ಲಿ ಬಸ್ಸಿಗೆ ಮಸಿ ಬಿತ್ತು. ಕೇಂದ್ರ ಗೃಹ ಸಚಿವರು ಇಬ್ಬರು ಮುಖ್ಯಮಂತ್ರಿಗಳನ್ನೂ ದೆಹಲಿಗೆ ಕರೆದು ಕೂಡಿಸಿ, ಕೋರ್ಟಿನ ತೀರ್ಪು ಬರುವ ತನಕ ಸುಮ್ಮನಿರಿ ಅಂದರು. 2025ರ ಫೆಬ್ರವರಿಯಲ್ಲಿ ಬೆಳಗಾವಿ ಹತ್ತಿರ ಮರಾಠಿಯಲ್ಲಿ ಉತ್ತರ ಕೊಡಲಿಲ್ಲ ಅಂತ ಒಬ್ಬ ಕಂಡಕ್ಟರನನ್ನು ಹೊಡೆದರು. ಮತ್ತೆ ಮಸಿ, ಮತ್ತೆ ಬಸ್ಸು ಬಂದ್. ಬೆಂಗಳೂರಿನಲ್ಲೂ ಮುಂಬಯಿಯಲ್ಲೂ ಇದು ಪೇಪರಿನ ಸುದ್ದಿ. ನಮ್ಮಲ್ಲಿ ಏನಾಗುತ್ತೆ ಹೇಳ್ತೀನಿ. ತವರುಮನೆ ಅಫಜಲಪುರದಲ್ಲಿ, ಗಂಡನ ಮನೆ ಇಲ್ಲಿ ಇರುವ ಹೆಣ್ಣುಮಗಳು ಕೂಸು ಎತ್ತಿಕೊಂಡು ಗಡಿಯ ತನಕ ಟಂಟಂನಲ್ಲಿ ಹೋಗಿ, ಅಲ್ಲಿಂದ ಆಚೆಗೆ ನಡೆದು, ಮತ್ತೊಂದು ಟಂಟಂ ಹಿಡೀತಾಳೆ. ಕಲಬುರಗಿಯ ದವಾಖಾನೆಗೆ ಹೋಗಬೇಕಾದವರು ಎರಡು ದಿನ ತಡೀತಾರೆ. ಬಸ್ಸಿಗೆ ಮಸಿ ಬಳಿದವನ ಮನೆಯಿಂದ ಯಾರೂ ಆ ಬಸ್ಸಿಗೆ ಕಾಯ್ತಾ ನಿಂತಿರೋದಿಲ್ಲ. ಇದು ನಾನು ಎರಡೂ ಕಡೆಯವರಿಗೆ ಸಮನಾಗಿ ಹೇಳುವ ಮಾತು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. 2025ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಒಂದನೆಯ ಇಯತ್ತೆಯಿಂದ ಹಿಂದಿಯನ್ನು ಮೂರನೆಯ ಭಾಷೆ ಮಾಡಲು ಹೊರಟಿತು. ಮರಾಠಿ ಮಂದಿ ಎದ್ದು ನಿಂತರು. ಸಾಹಿತಿಗಳು, ಶಿಕ್ಷಕರು, ತಾಯಂದಿರು ಎಲ್ಲರೂ. ಆರು ವರ್ಷದ ಕೂಸಿನ ತಲೆ ಮೇಲೆ ಮೂರು ಭಾಷೆ ಹೊರಿಸಬೇಡಿ, ಮೊದಲು ತಾಯಿ ಭಾಷೆ ಗಟ್ಟಿಯಾಗಲಿ ಅಂದರು. ಜೂನ್ 29ಕ್ಕೆ ಸರ್ಕಾರ ಆದೇಶ ಹಿಂತೆಗೆದುಕೊಂಡಿತು. ಜುಲೈ 5ಕ್ಕೆ ವರಳಿಯಲ್ಲಿ ಉದ್ಧವ್ ಠಾಕ್ರೆ, ರಾಜ್ ಠಾಕ್ರೆ ಇಬ್ಬರೂ ಎಷ್ಟೋ ವರ್ಷದ ಮೇಲೆ ಒಂದೇ ವೇದಿಕೆಗೆ ಬಂದು ವಿಜಯೋತ್ಸವ ಮಾಡಿದರು. ನಮ್ಮ ಚಾದಂಗಡಿಯಲ್ಲಿ ಎಲ್ಲರೂ ಅದನ್ನು ಮೊಬೈಲಿನಲ್ಲಿ ನೋಡಿದರು.

ಮರಾಠಿ ಮಂದಿ ಹೇಳಿದ ಒಂದೊಂದು ಮಾತೂ ನನಗೆ ಸರಿ ಅನ್ನಿಸಿತು. ಶಿಕ್ಷಕನಾಗಿ ನಾನು ಅದಕ್ಕೆ ಕೈ ಎತ್ತುತ್ತೇನೆ. ಜೊತೆಗೆ ಒಂದು ಸಣ್ಣ ನಗುವೂ ಬಂತು. ನಮ್ಮ ಕನ್ನಡ ಶಾಲೆಯ ಮಗು ಒಂದನೆಯ ಇಯತ್ತೆಯಿಂದಲೇ ಮೂರು ಭಾಷೆ ಕಲೀತಾ ಬಂದಿದೆ! ಕನ್ನಡ, ಮರಾಠಿ, ಇಂಗ್ಲಿಷ್. ಐದನೆಯದರಿಂದ ಹಿಂದಿಯೂ ಸೇರಿ ನಾಲ್ಕು. ಅದರ ಬಗ್ಗೆ ಯಾವ ವೇದಿಕೆಯೂ ಆಗಲಿಲ್ಲ, ಯಾವ ಅಣ್ಣತಮ್ಮಂದಿರೂ ಒಂದಾಗಲಿಲ್ಲ. ನಮ್ಮ ಮಗುವಿನ ತಲೆಯೂ ಆರು ವರ್ಷದ್ದೇ.

ತಪ್ಪು ತಿಳಿಯಬೇಡಿ, ಮರಾಠಿ ಕಲಿಯುವುದಕ್ಕೆ ನನ್ನ ತಕರಾರಿಲ್ಲ. ಈ ರಾಜ್ಯದಲ್ಲಿ ಬದುಕುವ ಮಗುವಿಗೆ ಮರಾಠಿ ಬೇಕೇ ಬೇಕು. ನಾನೇ ಕಲಿಸ್ತೀನಿ, ಪ್ರೀತಿಯಿಂದ ಕಲಿಸ್ತೀನಿ. ನಮ್ಮ ಪಂಢರಪುರದ ವಿಠ್ಠಲನನ್ನು ಜ್ಞಾನೇಶ್ವರರೇ ಕನ್ನಡದವನು ಅಂತ ಹಾಡಿದ್ದಾರೆ. ಸೊಲ್ಲಾಪುರದ ಸಿದ್ಧರಾಮ ಹನ್ನೆರಡನೇ ಶತಮಾನದಲ್ಲಿ ಕನ್ನಡದಲ್ಲಿ ವಚನ ಹೇಳಿದ. ಇವತ್ತಿಗೂ ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಅವನ ನಂದಿಧ್ವಜ ಹೊರುವವರು ಯಾವ ಭಾಷೆಯವರು ಅಂತ ಯಾರೂ ಕೇಳೋದಿಲ್ಲ. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಚಿಕ್ಕಂದಿನಲ್ಲಿ ಮರಾಠಿಯಲ್ಲಿ ಕಲಿತು, ಆಮೇಲೆ ಕನ್ನಡ ಕಲಿತು, ಸಿದ್ಧರಾಮನ ಮೇಲೆ ಕನ್ನಡದಲ್ಲಿ ಪುರಾಣವನ್ನೇ ಬರೆದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠದಲ್ಲಿ ಕೂತ ಮೊದಲ ಹೆಣ್ಣುಮಗಳು ನಮ್ಮ ಈ ಗಡಿಯವರು ಅಂತ ಕರ್ನಾಟಕದಲ್ಲಿ ಎಷ್ಟು ಜನಕ್ಕೆ ನೆನಪಿದೆಯೋ! ಇಂಥ ನೆಲದಲ್ಲಿ ಎರಡು ಭಾಷೆ ಜಗಳ ಆಡಬೇಕಾದ್ದಿಲ್ಲ.

ನಾನು ಹೇಳೋದು ಇಷ್ಟೇ. ಕರ್ನಾಟಕ 2015ರಲ್ಲಿ ಎಲ್ಲ ಶಾಲೆಗಳಲ್ಲಿ ಕನ್ನಡ ಕಲಿಕೆಗೆ ಕಾಯ್ದೆ ಮಾಡಿತು. ಕೇರಳ 2017ರಲ್ಲಿ ಮಲಯಾಳಂ ಕಡ್ಡಾಯ ಮಾಡಿತು, ಕಾಸರಗೋಡಿನ ನಮ್ಮವರು ಬೀದಿಗೆ ಬಂದರು. ಮಹಾರಾಷ್ಟ್ರ 2020ರಲ್ಲಿ ಮರಾಠಿ ಕಡ್ಡಾಯ ಮಾಡಿತು. ಮೂರೂ ರಾಜ್ಯದ ಕಾಯ್ದೆಯ ಭಾವನೆ ಒಂದೇ, ತಮ್ಮ ಭಾಷೆ ಉಳಿಯಬೇಕು ಅಂತ. ನ್ಯಾಯವೇ. ಆದರೆ ಪ್ರತಿಯೊಬ್ಬರೂ ದೆಹಲಿಯ ಕಡೆ ತಿರುಗಿದಾಗ ಸಣ್ಣವರು, ತಮ್ಮ ಗಡಿಯ ಕಡೆ ತಿರುಗಿದಾಗ ದೊಡ್ಡವರು. ಬೆಳಗಾವಿಯ ಮರಾಠಿ ಶಾಲೆಯ ಮಾಸ್ತರನೂ ನನ್ನ ಹಾಗೆಯೇ ಮಕ್ಕಳ ಸಂಖ್ಯೆ ಎಣಿಸ್ತಾ ಕೂತಿರ್ತಾನೆ ಅಂತ ನನಗೆ ಗೊತ್ತು. ಒಬ್ಬನಿಗೆ ತನ್ನ ಭಾಷೆಯ ಮೇಲೆ ಎಷ್ಟು ಪ್ರೀತಿ ಇದೆ ಅಂತ ನೋಡಬೇಕಾದರೆ ಅವನ ಭಾಷಣ ಕೇಳಬೇಡಿ. ಅವನ ರಾಜ್ಯದಲ್ಲಿ ಬೇರೆ ಭಾಷೆ ಆಡುವ ಮಗುವಿಗೆ ಪುಸ್ತಕ ಜೂನ್‌ನಲ್ಲಿ ಬಂತೋ ಆಗಸ್ಟ್‌ನಲ್ಲಿ ಬಂತೋ ನೋಡಿ.

ಪುಣೆಯ ಬಾಲಭಾರತಿಯವರು ಮರಾಠಿಯ ಜೊತೆ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕ್ತಾರೆ, ಅದಕ್ಕೆ ನಾನು ಋಣಿ. ಆ 'ಕನ್ನಡ ಬಾಲಭಾರತಿ' ಪುಸ್ತಕ ಹಿಡಿದೇ ನಮ್ಮ ಮಕ್ಕಳು ಅಕ್ಷರ ಕಲಿತದ್ದು. ಕರ್ನಾಟಕವೂ ಗಡಿನಾಡ ಕನ್ನಡಿಗರಿಗೆ ಸಿ.ಇ.ಟಿ.ಯಲ್ಲಿ ಅವಕಾಶ ಇಟ್ಟಿದೆ. ಕನ್ನಡದ ಪರೀಕ್ಷೆ ಬರೆದು ಪಾಸಾದರೆ ಇಂಜಿನಿಯರಿಂಗಿಗೆ ದಾರಿ ಇದೆ. ಇದನ್ನು ನಮ್ಮ ಪಾಲಕರಿಗೆ ಹೇಳುವುದೇ ನನ್ನ ಅರ್ಧ ಕೆಲಸ, ಯಾಕೆಂದರೆ ಹೆಚ್ಚಿನವರಿಗೆ ಗೊತ್ತಿಲ್ಲ.

2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ ಸಿಕ್ಕಿತು, 2024ರ ಅಕ್ಟೋಬರಿನಲ್ಲಿ ಮರಾಠಿಗೂ ಸಿಕ್ಕಿತು. ನಾನು ಎರಡು ಶಾಸ್ತ್ರೀಯ ಭಾಷೆ ಕಲಿಸುವ ಮಾಸ್ತರ ಆದೆ ನೋಡಿ ಅಂತ ಕಟ್ಟೆಯ ಮೇಲೆ ಹೇಳಿಕೊಂಡೆ. ಚಾದಂಗಡಿಯ ಕಾಕಾ ಕೇಳಿದ: "ಅದರಿಂದ ಸಾಲಿಗೆ ಒಂದು ಖೋಲಿ ಸಿಗ್ತದೇನ್ರಿ ಗುರುಜಿ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಖೋಲಿಯ ಮಾತು ಸುಮ್ಮನೆ ಬಂದದ್ದಲ್ಲ. ನಾನು ಟಿ.ಸಿ.ಎಚ್. ಮುಗಿಸಿ ಬಂದು ಕೆಲಸಕ್ಕೆ ಸೇರಿದಾಗ ಒಂದನೆಯ ಇಯತ್ತೆಯಲ್ಲಿ ಮಕ್ಕಳನ್ನು ಕೂರಿಸಲು ಜಾಗ ಸಾಲದೆ ಗಿಡದ ಕೆಳಗೆ ಪಾಠ ಮಾಡಿದ್ದುಂಟು. ಈಗ ಒಂದೇ ಸಾಲಿನಲ್ಲಿ ಎಲ್ಲರೂ ಕೂಡ್ತಾರೆ. ಬೆಳಿಗ್ಗೆ ಇಂಗ್ಲಿಷ್ ಶಾಲೆಯ ಹಳದಿ ವ್ಯಾನು ಊರ ಮುಂದೆ ಹಾರ್ನ್ ಹೊಡೀತದೆ. ಟೈ ಕಟ್ಟಿಕೊಂಡ ಕೂಸುಗಳು ಹತ್ತುತ್ತವೆ. ಅವರ ಅಪ್ಪಂದಿರು ನನ್ನ ಶಿಷ್ಯರೇ. ಅದರಲ್ಲೊಬ್ಬ ನೇರವಾಗಿ ಕೇಳಿದ: "ಗುರುಜಿ, ನಿಮ್ಮ ಹತ್ರ ಕನ್ನಡ ಕಲ್ತು ನಾನು ಎಲ್ಲಿ ಹೋದೆ ಹೇಳ್ರಿ? ಸೊಲ್ಲಾಪುರದಾಗ ಮರಾಠಿ ಕೇಳ್ತಾರ, ಪುಣೇದಾಗ ಇಂಗ್ಲಿಷ್ ಕೇಳ್ತಾರ. ಬೆಂಗಳೂರಿಗೆ ಹೋದ್ರ ನಮ್ಮ ಕನ್ನಡಕ್ಕೆ ನಗ್ತಾರ."

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳು ಯಾವುದಿದೆ? ಅವನಿಗೆ ನಾಡಗೀತೆ ಹಾಡಿ ತೋರಿಸಿದರೆ ಮಗುವನ್ನು ಕಳಿಸೋದಿಲ್ಲ. ನಾನು ಹೇಳಿದೆ: "ತಮ್ಮಾ, ಸಾತ್-ಬಾರಾ ಓದಿ ಹೇಳಲಿಕ್ಕೆ ನಿನ್ನ ಅಪ್ಪ ನನ್ನ ಹತ್ರ ಬರ್ತಿದ್ದ. ನೀನು ಬರೋದಿಲ್ಲ. ನೀನೇ ಮರಾಠಿ ಓದ್ತಿ. ಅದನ್ನು ಕಲಿತದ್ದು ಈ ಕನ್ನಡ ಸಾಲಿಯಾಗ. ಮನಿ ಭಾಷಾದಾಗ ಅಕ್ಷರ ತಿಳಿದಿದ್ದಕ್ಕೇ ಉಳಿದ ಅಕ್ಷರ ಬಂದ್ವು." ಅವನು ತಲೆ ಆಡಿಸಿದ. ಮಗು ವ್ಯಾನಿಗೇ ಹೋಗ್ತಾ ಇದೆ. ತಂಗಿ ಹುಟ್ಟಿದ್ದಾಳೆ, ಅವಳನ್ನು ನಿಮ್ಮ ಹತ್ರ ಹಾಕ್ತೀನಿ ಅಂದಿದ್ದಾನೆ. ನೋಡೋಣ.

ಇಷ್ಟೆಲ್ಲ ಅಭಿಪ್ರಾಯ ಹೇಳಿದ ಮೇಲೆ ನೀನೇನು ಮಾಡಿದೆ ಅಂತ ಕೇಳಬಹುದು. ನಾನು ಮಾಡೋದು ಬಹಳ ಸಣ್ಣ ಕೆಲಸ. ಶನಿವಾರ ಬೆಳಗಿನ ಶಾಲೆ. ಕೊನೆಯ ತಾಸಿನಲ್ಲಿ ಮಕ್ಕಳಿಗೆ, ಈ ವಾರ ಯಾವ ಸಿನಿಮಾ ನೋಡಿದಿರಿ ಅಂತ ಕೇಳ್ತೀನಿ. ಹಿಂದಿಯದಿರಲಿ, ಮರಾಠಿಯದಿರಲಿ, ಡಬ್ಬಿಂಗ್ ಆಗಿರಲಿ, ಬೇಧ ಇಲ್ಲ. ಅದರ ಕಥೆಯನ್ನು ಕನ್ನಡದಲ್ಲಿ ಹೇಳಬೇಕು, ಆಮೇಲೆ ಒಂದು ಪುಟ ಬರೀಬೇಕು. ಮನೆಯ ಕನ್ನಡದಲ್ಲೇ ಬರೀರಿ, ಪುಸ್ತಕದ ಕನ್ನಡ ಬೇಡ ಅಂತ ಹೇಳಿದ್ದೀನಿ. "ಲೈಬ್ರರಿ ಪುಸ್ತಕದ ಕಥೆ ಬರೀರಿ" ಅಂದರೆ ಎರಡು ಸಾಲು ಬರೆಯುತ್ತಿದ್ದ ಹುಡುಗರು ಸಿನಿಮಾ ಅಂದರೆ ಎರಡು ಪುಟ ತುಂಬಿಸ್ತಾರೆ. ಫೈಟಿಂಗ್ ವರ್ಣನೆಯಲ್ಲಿ ನಮ್ಮ ಭಾಷೆಗೆ ಎಂಥ ಶಕ್ತಿ ಇದೆ ಅಂತ ಆಗಲೇ ನನಗೆ ತಿಳಿದದ್ದು! ಒಬ್ಬ ಬರೆದಿದ್ದ: "ಅಂವಗ ಹಿಂಗ ಒದ್ದಾ ಅಂದ್ರ, ಅಂವ ಹೋಗಿ ಬಣವಿ ಮ್ಯಾಲ ಬಿದ್ದಂಗ ಬಿದ್ದಾ." ಇದಕ್ಕೆ ಯಾವ ಡಬ್ಬಿಂಗ್ ಸಾಟಿ?

ಒಬ್ಬ ಹುಡುಗಿ ಅವಳ ಅಕ್ಕನ ಮೊಬೈಲಿನಲ್ಲಿ ಸೈರಾಟ್ ನೋಡಿ ಬಂದು ಕಥೆ ಬರೆದಳು. ಕೊನೆಗೆ ಬಂದಾಗ ಕೂಸು ಹೊರಗೆ ಬಂದದ್ದನ್ನು ಬ್ಯಾರೆ ಮಾಡಿದ್ದಳು. "ಆ ಕೂಸಿನ ನಮ್ಮ ಮನಿಗಿ ಕರಕೊಂಡು ಬಂದು ನಮ್ಮ ಸಾಲಿಗೆ ಹಚ್ಚತೀವಿ" ಅಂತ ಮುಗಿಸಿದ್ದಳು. ನಾನು ಅದರ ಕೆಳಗೆ ಕೆಂಪು ಪೆನ್ನಿನಲ್ಲಿ ಏನೂ ತಿದ್ದಲಿಲ್ಲ. ದಾಖಲಾತಿ ತೆರೆದಿದೆ ಅಂತ ಬರೆದೆ.

ಓದುವ ಶಿಕ್ಷಕ ಮಿತ್ರರೇ, ನೀವು ತಾಳವಾಡಿಯಲ್ಲಿರಿ, ಕಾಸರಗೋಡಿನಲ್ಲಿರಿ, ಆದೋನಿಯಲ್ಲಿರಿ, ನಿಮ್ಮ ಶಾಲೆಯಲ್ಲೂ ಒಂದು ಶನಿವಾರ ಹೀಗೆ ಮಾಡಿ ನೋಡಿ. ಯಾರ ಅನುಮತಿಯೂ ಬೇಕಿಲ್ಲ, ಪೈಸೆ ಖರ್ಚಿಲ್ಲ. ನಿಮ್ಮ ಮಕ್ಕಳು ತಮಿಳಿನ, ಮಲಯಾಳಂನ, ತೆಲುಗಿನ ಯಾವ ನಾಯಕನ ಕಥೆಯನ್ನು ಎಂಥ ಕನ್ನಡದಲ್ಲಿ ಹೇಳಿದರು ಅಂತ ತಿಳಿಸಿ. ನನ್ನ ಹುಡುಗರಿಗೆ ಓದಿ ಹೇಳ್ತೀನಿ.